ಪತ್ರದ ಭಾನುವಾರ

ನಮ್ಮೂರಿನಲ್ಲಿ ಮದುವಣಗಿತ್ತಿ ಒಪ್ಪಿಗೆ ಕೊಡುವುದು ಚರ್ಚಿನ ಕಿಟಕಿಯಿಂದ ತಲೆ ಹೊರಗೆ ಹಾಕಿ. ಅಯ್ಯನವರು ಒಳಗೆ ನಿಂತು ಕೇಳುತ್ತಾರೆ. ಅವಳು ಮುಸುಕು ಹಿಡಿದುಕೊಂಡು ಬಾಗಿ, ಬೀದಿಯ ಬೇವಿನ ಮರಕ್ಕೋ ಅಲ್ಲಿ ಕಟ್ಟಿದ ಎಮ್ಮೆಗೋ "ಹೌದು" ಎಂದು ಹೇಳಿ ತಲೆಯನ್ನು ಒಳಗೆ ತೆಗೆದುಕೊಳ್ಳುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಚರ್ಚಿನ ಹೊಸ್ತಿಲ ಒಳಗೆ ಹೆಂಗಸಿನ ದನಿ ಹೊರಡುವುದಿಲ್ಲ. ಕೆಮ್ಮಿದರೂ ಸದ್ದಿಲ್ಲ, ಅತ್ತರೂ ಸದ್ದಿಲ್ಲ. ಮಗು ಬೆಂಚಿನ ಕೆಳಗೆ ತೂರಿ ಹೋದರೆ ತಾಯಿ ಬಳೆ ಕುಲುಕಿ ಕರೆಯುತ್ತಾಳೆ; ಯಾವ ಬಳೆ ಯಾರ ಅಮ್ಮನದು ಎಂದು ಮಕ್ಕಳಿಗೆ ಗೊತ್ತು. ಹಾಡುವುದಕ್ಕೆ ನಾವು ಜಗಲಿಗೆ ಹೋಗಿ ನಿಲ್ಲುತ್ತೇವೆ. ಹಾಡು ಕಿಟಕಿಯಿಂದ ಬಂದರೇ ಚೆಂದ, ದೇವದೂತರು ಹಾಡಿದ ಹಾಗಿರುತ್ತದೆ ಎನ್ನುತ್ತಾರೆ ಒಳಗೆ ಕೂತ ಗಂಡಸರು. ಹುಡುಗಿಯರಿಗೆ ಹನ್ನೆರಡು ಹದಿಮೂರರವರೆಗೆ ದನಿ ಇರುತ್ತದೆ. ಒಂದು ಭಾನುವಾರ ಪ್ರಾರ್ಥನೆಯ ನಡುವೆ ಅದು ನಿಂತುಹೋಗುತ್ತದೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ, ತಾಯಿ ಅವಳ ತಲೆಯ ಮೇಲೆ ತನ್ನ ಸೆರಗು ಎಳೆಯುತ್ತಾಳೆ, ಮನೆಗೆ ಬಂದ ಮೇಲೆ ಕೊಬ್ಬರಿ ಬೆಲ್ಲ ಕೊಡುತ್ತಾರೆ. ನನಗೂ ಕೊಟ್ಟರು. ಇದನ್ನು ಪವಾಡ ಅನ್ನುವವರ ಬಾಯಿಗೆ ಸುಣ್ಣದ ನೀರು ಹೊಯ್ಯಬೇಕು.

ಅಪೊಸ್ತಲ ಪೌಲ ತನ್ನ ಶಿಷ್ಯರಿಗೆ ಬರೆದನೆಂದು ಹೇಳುವ ಮೂರು ಪತ್ರಗಳಿವೆ. ಹೆಂಗಸು ಸಭೆಯಲ್ಲಿ ಬಾಯಿ ಬಿಡದೆ ಕಲಿಯಲಿ ಎಂಬ ಮಾತು ಅವುಗಳಲ್ಲಿ ಒಂದರಲ್ಲಿದೆ. ಪತ್ರ ಪೌಲನದೇ ಎಂದು ನಮ್ಮ ಸಭೆ ಒಪ್ಪಿರುವವರೆಗೆ ಅದರ ಮಾತು ನಡೆಯುತ್ತದೆ. ಪೌಲನದಲ್ಲ ಎಂದು ಕೈ ಎತ್ತಿದ ಗಳಿಗೆಗೆ ನಿಲ್ಲುತ್ತದೆ. ಹಾಗೆ ನಿಂತದ್ದನ್ನು ಹಿರಿಯರು ಕಂಡಿದ್ದಾರೆ. ನಮ್ಮಜ್ಜನ ಕಾಲದಲ್ಲಿ ನಮ್ಮೂರಲ್ಲಿ ಮಾತ್ರ ಇದ್ದ ಇನ್ನೊಂದು ಪತ್ರದಲ್ಲಿ, ಯಜಮಾನನು ಆಳಿನೊಡನೆ ಒಂದೇ ತಟ್ಟೆಯಲ್ಲಿ ಉಣ್ಣಲಿ ಎಂದಿತ್ತಂತೆ. ಆಳು ಕೈ ಹಾಕದ ಅನ್ನ ಯಜಮಾನರ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಅದನ್ನು ಪರೀಕ್ಷಿಸುವುದಕ್ಕೆ ಒಂದು ಬೆಳಗ್ಗೆ ಸಾಕಾಯಿತು. ಪದಗಳು ಪೌಲನವಲ್ಲ, ವಾಕ್ಯದ ಓಟ ಪೌಲನದಲ್ಲ, ಪೌಲ ಸತ್ತ ಮೇಲೆ ಯಾರೋ ಬರೆದದ್ದು ಎಂದರು, ಕೈ ಎತ್ತಿದರು, ಮಧ್ಯಾಹ್ನ ಮನೆಗೆ ಹೋಗಿ ಒಬ್ಬೊಬ್ಬರೇ ಕೂತು ಉಂಡರು. ನಮ್ಮ ಬಾಯಿ ಕಟ್ಟಿದ ಪತ್ರಕ್ಕೆ ಮಾತ್ರ ಏಳು ವರ್ಷಕ್ಕೊಂದು ಪತ್ರದ ಭಾನುವಾರ. ಸಭೆಯ ಯಾವ ಗಂಡಸಾದರೂ ಒಂದು ಲೇಖನ ಬರೆದು ತಂದು ಓದಬಹುದು. ಓದುವವನೇ ಬರೆದಿರಬೇಕು, ಅದೊಂದು ಕಟ್ಟಳೆ. ಆಮೇಲೆ ಕೈ ಎತ್ತುವುದು.

ನನ್ನ ಹೆಸರು ದೊರ್ಕಮ್ಮ. ಅಂಚೆ ಕಚೇರಿಯ ಎದುರು ಕೂತು ಓದುಬರಹ ಬಾರದವರಿಗೆ ಕಾಗದ ಬರೆದುಕೊಡುವುದು ನನ್ನ ಕೆಲಸ. ಬುಧವಾರದ ಮಧ್ಯಾಹ್ನ ಚರ್ಚಿನ ಜಗಲಿಯಲ್ಲಿ ನಾವು ಹೆಂಗಸರು ಒಂಬತ್ತು ಜನ ಓದುಕೂಟ ನಡೆಸುತ್ತಿದ್ದೆವು. ಕರುಣಾಕರ ಅಯ್ಯನವರು ತಮ್ಮ ಕಪಾಟಿನ ಪುಸ್ತಕಗಳನ್ನು ಕೊಡುತ್ತಿದ್ದರು, ತಾವೂ ಬಂದು ಮೂಲೆಯಲ್ಲಿ ಕೂರುತ್ತಿದ್ದರು. ಆ ಮೂರು ಪತ್ರಗಳ ಪದಗಳಲ್ಲಿ ಮೂರರಲ್ಲೊಂದು ಪಾಲು ಪೌಲನ ಉಳಿದ ಪತ್ರಗಳಲ್ಲಿ ಎಲ್ಲೂ ಇಲ್ಲ ಎಂದು ನಾನು ಓದಿದ್ದು ಅವರ ಪುಸ್ತಕದಲ್ಲೇ. ಇನ್ನೊಂದು ಪತ್ರದಲ್ಲಿ ಪೌಲ ಹೆಂಗಸರ ಹೆಸರು ಹಿಡಿದು ನಮಸ್ಕಾರ ಹೇಳಿದ್ದಾನೆ, ತನ್ನ ಜೊತೆ ದುಡಿದವರು ಎಂದಿದ್ದಾನೆ, ಮತ್ತೊಂದರಲ್ಲಿ, ಸಭೆಯಲ್ಲಿ ಪ್ರವಾದಿಸುವ, ಎಂದರೆ ದೇವರ ಮಾತು ಸಾರುವ, ಹೆಂಗಸು ತಲೆ ಮುಚ್ಚಿಕೊಳ್ಳಲಿ ಎಂದಿದ್ದಾನೆ. ಬಾಯಿ ಬಿಡದೆ ಪ್ರವಾದಿಸುವುದು ಹೇಗೆ? ನಾವು ಇದನ್ನೆಲ್ಲ ಜೋರಾಗಿ ಓದಿ ಜೋರಾಗಿ ನಗುತ್ತಿದ್ದೆವು, ಜಗಲಿಯಲ್ಲಿ ದನಿಯಿತ್ತಲ್ಲ.

ನಗು ನಿಂತದ್ದು ನನ್ನ ತಂಗಿ ಸಲೋಮಿಯ ಗಂಡ ನತಾನ ಸತ್ತ ದಿನ. ನಮ್ಮೂರಿನ ಮುಕ್ಕಾಲು ಜನ ತೊಗಲು ಹದ ಮಾಡುವವರು. ಹದದ ಮನೆ ಸಮಾಧಾನಪ್ಪ ಹಿರಿಯರದು. ಅವರೇ ಸಭೆಯ ಅಧ್ಯಕ್ಷರು. ತೊಗಲು ನೆನೆಹಾಕುವ ಸುಣ್ಣದ ಗುಂಡಿಗಳ ನಡುವೆ ಓಡಾಡುವ ಹಲಗೆಯೊಂದು ಸೀಳು ಬಿಟ್ಟಿದೆ ಎಂದು ನತಾನ ಎರಡು ತಿಂಗಳಿಂದ ಹೇಳುತ್ತಿದ್ದ. ಆ ಮಧ್ಯಾಹ್ನ ಸಲೋಮಿ ಬುತ್ತಿ ತೆಗೆದುಕೊಂಡು ಹೋದಾಗ ಅವಳ ಕಣ್ಣೆದುರೇ ಹಲಗೆ ಮುರಿದು ಅವನು ಗುಂಡಿಗೆ ಬಿದ್ದ. ಅವಳ ಕೂಗಿಗೆ ಜನ ಓಡಿಬಂದು ಅವನನ್ನು ಎಳೆದು ಹಾಕುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಣ ಮನೆಗೆ ಬರುವಷ್ಟರಲ್ಲಿ ಗುಂಡಿಯ ಮೇಲೆ ಹೊಸ ಹಲಗೆ ಬಂದಿತ್ತು. ಸಭೆಯ ಪುಸ್ತಕದಲ್ಲಿ 'ಕುಡಿದು ಬಿದ್ದನು' ಎಂದು ಬರೆದರು. ಕುಡಿದು ಸತ್ತವನಿಗೆ ಸಮಾಧಿ ಸ್ಥಳದ ಗೋಡೆಯ ಒಳಗೆ ಜಾಗವಿಲ್ಲ. ಗೋಡೆಯ ಹೊರಗೆ, ಕತ್ತಾಳೆಯ ಸಾಲಿನ ಹತ್ತಿರ ಹೂತರು. ಆರು ತಿಂಗಳಾದ ಮೇಲೆ ಆ ಹೊರಗಿನ ಜಾಗವನ್ನೇ ತೊಗಲು ಒಣಗಿಸುವ ಅಂಗಳ ಮಾಡುತ್ತಾರೆಂದು ಗೊತ್ತಾಯಿತು. ಗೋಡೆ ಒಳಗಿನ ಹೆಣಕ್ಕೆ ಶಿಲುಬೆ, ಹೊರಗಿನ ಹೆಣದ ಮೇಲೆ ಹಸಿ ತೊಗಲು.

ಬರೆದದ್ದನ್ನು ತಿದ್ದಬೇಕಾದರೆ ಕಣ್ಣಾರೆ ಕಂಡವರು ಚರ್ಚಿನ ಒಳಗೆ ನಿಂತು, ತಮ್ಮ ಬಾಯಿಂದ, ಸಾಕ್ಷಿ ಹೇಳಬೇಕು. ಕಂಡವಳು ಸಲೋಮಿ ಒಬ್ಬಳೇ. ಅವಳು ಸಮಾಧಾನಪ್ಪನವರ ಮನೆಗೇ ಹೋಗಿ ಕೇಳಿದಳು, ನಾನೂ ಜೊತೆಗಿದ್ದೆ. ಅವರು ಕೆಟ್ಟ ಮಾತಾಡುವ ಮನುಷ್ಯರಲ್ಲ. ಕುರ್ಚಿ ಹಾಕಿಸಿದರು, ಮಜ್ಜಿಗೆ ತರಿಸಿದರು.

"ಮದುವೇಲಿ ಕಿಟಕಿ ಹೊರಗೆ ತಲೆ ಹಾಕಿ ಹೌದು ಅಂದೆ, ನೀವೇ ಒಪ್ಪಿದ್ರಿ. ಹಂಗೇ ಹೇಳ್ತೀನಿ ಯಜಮಾನ್ರೆ," ಎಂದಳು ಸಲೋಮಿ.

"ಮದುವೆ ಬೇರೆ, ಸಾಕ್ಷಿ ಬೇರೆ ಕಣವ್ವ. ತಲೆ ಹೊರಗಿದ್ರೆ ಬಾಯೂ ಹೊರಗಿರುತ್ತೆ. ಹೊರಗೆ ಆಡಿದ ಮಾತನ್ನ ಪುಸ್ತಕದಲ್ಲಿ ಬರೆಯೋಕೆ ನಾನ್ಯಾರು?"

"ಒಳಗೆ ದನಿ ಬರಲ್ವಲ್ಲ."

"ಅದನ್ನ ಮಾಡ್ದವನು ನಾನಲ್ವಲ್ಲ. ಪೌಲನ್ನ ಕೇಳಬೇಕು," ಎಂದು ನಕ್ಕರು. "ಮುಂದಿನ ತಿಂಗಳು ಪತ್ರದ ಭಾನುವಾರ ಐತೆ. ಯಾರಾದ್ರೂ ಓದಲಿ, ಸಭೆ ಒಪ್ಪಲಿ, ಅವತ್ತೇ ನಿನ್ನ ಸಾಕ್ಷಿ ತಗೊತೀನಿ. ಅಲ್ಲೀವರೆಗೆ ಅಂಗಳದ ಕೆಲಸ ನಿಲ್ಲಿಸಿರ್ತೀನಿ. ಆಯ್ತಾ?"

ದಾರಿಯಲ್ಲಿ ಸಲೋಮಿ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಅವನು ಆವತ್ತು ಕುಡಿದಿದ್ದು ನಾನು ಕೊಟ್ಟ ರಾಗಿ ಅಂಬಲಿ. ಅಷ್ಟು ಹೇಳೋಕೆ ನಂಗೊಂದು ಗಳಿಗೆ ಸಾಕು. ಒಂದು ಗಳಿಗೆ ದನಿ ಕೊಡಿಸು."

ನಾನು ಮೊದಲು ಹೋದದ್ದು ಅಯ್ಯನವರ ಹತ್ತಿರ. "ನೀವೇ ಓದಿ ಅಯ್ಯ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು," ಎಂದೆ. ಅವರು ಕಪಾಟಿನ ಬಾಗಿಲು ಮುಚ್ಚಿ, ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದರು. "ನಾನು ಆಡೋದು ಸಭೆಯ ದನಿ ಕಣಮ್ಮ ದೊರ್ಕ. ನನ್ನ ದನೀಂತ ಒಂದು ಇದ್ಯೋ ಇಲ್ವೋ, ಈ ಇಪ್ಪತ್ತು ವರ್ಷದಲ್ಲಿ ನೋಡಿಕೊಂಡಿಲ್ಲ. ಬೇಕಾದ ಪುಸ್ತಕ ತಗೊಂಡು ಹೋಗು," ಎಂದರು. ಪುಸ್ತಕ ಕೊಡುವ ಔದಾರ್ಯಕ್ಕೆ ಅವರಲ್ಲಿ ಯಾವತ್ತೂ ಕೊರತೆಯಿರಲಿಲ್ಲ.

ಉಳಿದವನು ನಮ್ಮ ಸೋದರಮಾವ ಬೆನ್ಯಾಮೀನ. ಚರ್ಚಿನ ಗಂಟೆ ಹೊಡೆಯುವವನು. ಅಕ್ಷರ ಕೂಡಿಸಿಕೊಂಡು ಓದಬಲ್ಲ. ಬರೆಯುವುದೆಂದರೆ ಅವನ ಹೆಸರಷ್ಟೇ. "ನಾನು ಬರ್ದಿದ್ದು ಅಂತ ಸುಳ್ಳು ಹೇಳಬೇಕಾ ಅಮ್ಮಿ?" ಎಂದು ಕೇಳಿದ. "ಯಾರೂ ಕೇಳಲ್ಲ ಮಾವ, ನೀನು ಓದು ಸಾಕು," ಎಂದೆ. "ಕೇಳಿದ್ರೆ?" "ಕೇಳಿದ್ರೆ ಹೂಂ ಅನ್ನು." ಅವನು ತಲೆ ಕೆರೆದುಕೊಂಡ. "ಅಪೊಸ್ತಲನ ಹೆಸರಲ್ಲಿ ಬೇರೆ ಯಾರೋ ಬರ್ದವ್ರೆ ಅಂತ ನೀನು ಜಗಳ ತೆಗೀತಿದ್ದೀಯ. ಅದನ್ನ ಬೆನ್ಯಾಮೀನನ ಹೆಸರಲ್ಲಿ ನೀನು ಬರೀತೀಯ. ಒಳ್ಳೆ ಚೆನ್ನಾಗೈತೆ ಕಣಮ್ಮಿ," ಎಂದು ನಕ್ಕ. ಆಮೇಲೆ ಹತ್ತೊಂಬತ್ತು ದಿನ, ಗಂಟೆ ಹೊಡೆದು ಬಂದವನೇ ನಮ್ಮನೆ ಹಜಾರದಲ್ಲಿ ಕೂತು ಬೆರಳಿಟ್ಟು ಓದಿದ. ಸಲೋಮಿ ಎದುರಿಗೆ ಕೂತು ಕೇಳುತ್ತಿದ್ದಳು. ಅವನು ತಡವರಿಸಿದ ಕಡೆ ಓದು ಬಾರದ ಅವಳೇ ಮುಂದಿನ ಸಾಲು ಹೇಳಿಕೊಡುವಷ್ಟು ಅದು ಅವಳಿಗೆ ಬಾಯಿಪಾಠವಾಯಿತು.

ಹಳೆಯ ಪತ್ರದ ಭಾನುವಾರಗಳಲ್ಲಿ ಗೆದ್ದದ್ದು ಯಾವಾಗಲೂ ಒಂದೇ ವಾದ, ಮೇಲಂಗಿಯ ವಾದ. ಆ ಮೂರರಲ್ಲೇ ಒಂದು ಪತ್ರದ ಕೊನೆಗೆ, ನಾನು ಬಿಟ್ಟು ಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ಬರುವಾಗ ತೆಗೆದುಕೊಂಡು ಬಾ ಎಂದಿದೆ. ಕಳ್ಳಪತ್ರ ಬರೆಯುವವನು ಮೇಲಂಗಿ ಕೇಳುತ್ತಾನೆಯೇ? ಚಳಿಯಾದವನು ಕೇಳುತ್ತಾನೆ. ಈ ಪತ್ರ ನಿಜವಾದರೆ ಅದೇ ಕೈ ಬರೆದ ಮಿಕ್ಕೆರಡೂ ನಿಜ. ಇದನ್ನು ಸಮಾಧಾನಪ್ಪನವರು ಹೇಳಿ ಕೂತರೆ ಎದ್ದು ನಿಲ್ಲುವವರಿರಲಿಲ್ಲ. ಪದಗಳ ಲೆಕ್ಕ ತೆಗೆದವರಿಗೆ ಅವರ ಬಳಿ ಇನ್ನೊಂದು ಉತ್ತರವಿತ್ತು: ಪೌಲನಿಗೆ ಬರಹಗಾರನಿದ್ದ, ಮಾತು ಪೌಲನದು, ಪದ ಬರಹಗಾರನದು.

ಮೇಲಂಗಿಯನ್ನು ಮುರಿಯುವ ಉತ್ತರ ಈ ಊರಿನಲ್ಲಿ ನನ್ನೊಬ್ಬಳ ಹತ್ತಿರವಿತ್ತು. ನಮ್ಮ ಬೀದಿಯ ಹನ್ನಮ್ಮನಿಗೆ ಕಣ್ಣಿಲ್ಲ. ಅವಳ ಮಗ ದೂರದ ಸುರಂಗದ ಕೆಲಸಕ್ಕೆ ಹೋಗಿ ಅಲ್ಲೇ ಸತ್ತ. ಸುದ್ದಿ ಬಂದದ್ದು ಸೊಸೆಗೆ. "ಅತ್ತೆಗೆ ಹೇಳಿದ್ರೆ ಎದೆ ಒಡ್ಕೊಂಡು ಹೋಗ್ತಾರೆ ದೊರ್ಕಕ್ಕ, ಅವನು ಬರೆದ ಹಂಗೆ ನೀವೇ ಬರೀರಿ, ನೀವೇ ಬಂದು ಓದಿ," ಎಂದು ಅತ್ತಳು. ಎರಡು ವರ್ಷ ಬರೆದೆ. ಸುಖವಾಗಿದ್ದೇನೆ ಎಂದು ಬರೆದಾಗ ಮುದುಕಿ ಮುಖ ಗಂಟಿಕ್ಕುತ್ತಿದ್ದಳು, ಇದು ನನ್ನ ಮಗನ ಮಾತಲ್ಲ ಎಂದು ಅನುಮಾನಿಸುತ್ತಿದ್ದಳು. ಒಂದು ಸಲ, ಮರೆತು ಬಂದ ನನ್ನ ಕೆಂಪು ಟವಲನ್ನು ಎತ್ತಿಡವ್ವ, ಇಲಿ ಕಡಿದಾವು ಎಂದು ಬರೆದೆ. ಅವತ್ತಿನಿಂದ ಅನುಮಾನ ಸತ್ತಿತು. ಸುಳ್ಳು ಕಾಗದದಲ್ಲಿ ಮೊದಲು ಹಾಕಬೇಕಾದದ್ದು ಮೇಲಂಗಿಯನ್ನೇ. ಇದನ್ನು ನಾನು ಲೇಖನದಲ್ಲಿ ಬರೆದೆ. ಹೆಸರು ಹಾಕಲಿಲ್ಲ, 'ಒಬ್ಬ ತಾಯಿಗೆ' ಎಂದೆ. ಟವಲನ್ನು ಮಾತ್ರ ಬಿಡಲಾರದೆ ಹೋದೆ. ಅದಿಲ್ಲದೆ ವಾದ ಜೊಳ್ಳಾಗುತ್ತಿತ್ತು. ಹನ್ನಮ್ಮ ಹಾಸಿಗೆ ಹಿಡಿದು ವರ್ಷವಾಗಿತ್ತು, ಚರ್ಚಿಗೆ ಬರುತ್ತಿರಲಿಲ್ಲ ಎಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಭಾನುವಾರ ಸಲೋಮಿ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತಳು. ನಾನು ಅವಳ ಪಕ್ಕ. ಗಂಟೆ ಹೊಡೆದು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು. ತಿರುಗಿ ನೋಡಿದರೆ ನಾಲ್ಕು ಜನ ಹನ್ನಮ್ಮನನ್ನು ಮಂಚದ ಸಮೇತ ಹೊತ್ತುಕೊಂಡು ಬರುತ್ತಿದ್ದರು. ಹೊಸ್ತಿಲಿನಾಚೆ ಅವಳ ದನಿ ಕೇಳಿಸಿತು: "ಇವತ್ತು ಹೆಂಗಸ್ರಿಗೆ ದನಿ ಬತ್ತದಂತೆ ಕಣ್ರೋ, ಒಂದು ಹಾಡು ಒಳಗೆ ಕೂತು ಹಾಡಿ ಸಾಯ್ತೀನಿ, ಮೆಲ್ಲಗೆ ಎತ್ರೋ—" ಅಲ್ಲಿಗೆ ಮಂಚ ಹೊಸ್ತಿಲು ದಾಟಿತು, ಮಾತು ನಿಂತಿತು, ತುಟಿ ಮಾತ್ರ ಆಡುತ್ತಿತ್ತು. ತಲೆಯ ಕೆಳಗೆ ಮಡಿಸಿದ ಕೆಂಪು ಟವಲು. ನಾನು ಎದ್ದು ಗಂಡಸರ ಕಡೆಗೆ ಕೈ ಬೀಸಿದೆ, ಬಳೆ ಬಡಿದೆ. ನನಗೆ ಮಕ್ಕಳಿಲ್ಲ; ನನ್ನ ಬಳೆಯ ಸದ್ದು ಯಾರಿಗೂ ಗುರುತಿಲ್ಲ. ಮಾವ ಕನ್ನಡಕ ಏರಿಸಿಕೊಂಡು ಕಾಗದ ಬಿಚ್ಚಿದ್ದ.

ಅವನು ಚೆನ್ನಾಗಿ ಓದಿದ. ಪದಗಳ ಲೆಕ್ಕ ಓದಿದಾಗ ಯುವಕರು ಒಬ್ಬರನ್ನೊಬ್ಬರು ನೋಡಿಕೊಂಡರು. ಪೌಲ ನಮಸ್ಕಾರ ಹೇಳಿದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಓದಿದಾಗ ನಮ್ಮ ಬೆಂಚುಗಳಲ್ಲಿ ಬಳೆಗಳು ಸದ್ದು ಮಾಡಿದವು. ಹಿಂದಿನ ಸಾಲಿನ ಇಬ್ಬರು ಮೂವರು, ಇನ್ನೂ ಕರೆಯುವ ಮೊದಲೇ, ಅರ್ಧ ಕೈ ಎತ್ತಿಬಿಟ್ಟಿದ್ದರು. ಸಲೋಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು, ಸದ್ದಿಲ್ಲದೆ. ಆಮೇಲೆ ಮಾವ ಮೇಲಂಗಿಗೆ ಬಂದ. "ನಾನು ಎರಡು ವರ್ಷ ಸತ್ತವನೊಬ್ಬನ ಹೆಸರಿನಲ್ಲಿ ಅವನ ತಾಯಿಗೆ ಕಾಗದ ಬರೆದೆನು. ಅವಳು ನಂಬಿದ್ದು ಒಂದು ಕೆಂಪು ಟವಲಿನಿಂದ."

ಹನ್ನಮ್ಮ ಮಂಚದ ಮೇಲೆ ಎದ್ದು ಕೂತಳು. ಅವಳು ತನ್ನಷ್ಟಕ್ಕೆ ತಾನು ಎದ್ದು ಕೂತು ವರ್ಷವಾಗಿತ್ತು. ಕೈಯಿಂದ ತಡವಿ ಟವಲನ್ನು ಎಳೆದುಕೊಂಡಳು, ಬಾಯಿ ತೆರೆದಳು. ಇಡೀ ಚರ್ಚು ಆ ತೆರೆದ ಬಾಯನ್ನು ನೋಡಿತು. ಅದರಿಂದ ಏನೂ ಹೊರಡಲಿಲ್ಲ. ಅವಳ ಸೊಸೆ ಅವಳನ್ನು ಅಪ್ಪಿಕೊಂಡಳು, ಅವಳದೂ ಬಾಯಿ ತೆರೆದಿತ್ತು. ಮಾವ ಓದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ.

ಅಷ್ಟು ಸಾಕಾಯಿತು. ಸಮಾಧಾನಪ್ಪನವರು ನಿಧಾನವಾಗಿ ಎದ್ದರು. "ಬೆನ್ಯಾಮೀನಪ್ಪ, ಬಹಳ ಚೆನ್ನಾಗಿತ್ತು. ಒಂದು ಮಾತು ಕೇಳಲಾ? ಹನ್ನಮ್ಮನಿಗೆ ಕಾಗದ ಓದ್ತಾ ಇದ್ದವರು ಯಾರು ಅಂತ ಊರಿಗೇ ಗೊತ್ತು. ಆ ಟವಲನ್ನ ಮುದುಕಿ ನಮಗೆಲ್ಲ ತೋರ್ಸವ್ಳೆ. ನೀನು ಯಾವಾಗಪ್ಪ ಬರೆಯೋಕೆ ಹೋಗಿದ್ದು?" ಗಂಡಸರು ನಕ್ಕರು. "ಮತ್ತೆ ನಿನ್ನ ಬಾಯಲ್ಲಿ ಈ ಪದಗಳನ್ನ ನಾವು ಯಾವತ್ತೂ ಕೇಳಿಲ್ಲ. ಇಷ್ಟುದ್ದ ವಾಕ್ಯ ನಿನ್ನ ಬಾಯಿಂದ ಬಂದಿಲ್ಲ. ನೀನು ಗಂಟೆ ಹೊಡೆಯೋನು, ಇಲ್ಲಿ ಗಂಟೆ ಮಾತೇ ಇಲ್ಲ. ಎಲ್ಲಿ, ಹಾಡಿನ ನಂಬರು ಬರೆಯೋ ಈ ಹಲಗೇಲಿ ಎರಡು ಸಾಲು ಬರೀ ನೋಡೋಣ."

ಮಾವ ಬಳಪ ತೆಗೆದುಕೊಂಡು ತನ್ನ ಹೆಸರು ಬರೆದ. ಒಂದೊಂದು ಅಕ್ಷರ ಅಂಗೈಯಷ್ಟಗಲ. ಹಲಗೆ ತುಂಬಿತು.

ಪದಗಳ ಲೆಕ್ಕ ಅವರಿಗೆ ಬರುತ್ತಿತ್ತು. ವಾಕ್ಯದ ಓಟ ಬರುತ್ತಿತ್ತು. ಒಂದು ಬರಹ ಯಾರ ಕೈಯದು ಎಂದು ಹಿಡಿಯುವ ವಿದ್ಯೆಯೆಲ್ಲ ಅವರಿಗೆ ಕರಗತವಾಗಿತ್ತು, ನಾವು ಜಗಲಿಯಲ್ಲಿ ಎಷ್ಟೋ ವರ್ಷ ತಿಣುಕಿ ಕಲಿತದ್ದನ್ನು ಅವರು ಒಂದು ಗಳಿಗೆಯಲ್ಲಿ ಮಾಡಿ ತೋರಿಸಿದರು, ಗಂಟೆ ಹೊಡೆಯುವ ಒಬ್ಬ ಮುದುಕನ ಮೇಲೆ. ಪೌಲನಿಗೆ ಬರಹಗಾರ ಇರಬಹುದು, ಬೆನ್ಯಾಮೀನನಿಗೆ ಇರಬಾರದೇ? ಇಷ್ಟು ಕೇಳಿದ್ದರೆ ಸಾಕಿತ್ತು. ನಾನು ಕೇಳಿದೆ. ನನ್ನ ತುಟಿ ಆಡಿದ್ದು ನನಗೆ ಗೊತ್ತಾಯಿತು, ಕಿವಿಗೆ ಏನೂ ಬೀಳಲಿಲ್ಲ. ಅಯ್ಯನವರ ಕಡೆ ನೋಡಿದೆ. ಅವರು ಹಲಗೆಯ ಮೇಲಿನ ದೊಡ್ಡ ಅಕ್ಷರಗಳನ್ನು ನೋಡುತ್ತಿದ್ದರು. ಅವರಿಗೆ ದನಿಯಿತ್ತು.

"ಬರೆದವರು ಯಾರೇ ಇರಲಿ, ಎದ್ದು ಹೇಳಲಿ," ಎಂದರು ಸಮಾಧಾನಪ್ಪ. ನಾನು ನಿಂತೇ ಇದ್ದೆ. ಎದೆ ಬಡಿದುಕೊಂಡೆ, ನಾನು ನಾನು ಎಂದೆ. ಅವರು ನನ್ನನ್ನು ನೇರವಾಗಿ ನೋಡುತ್ತ, ಹತ್ತು ಎಣಿಸುವಷ್ಟು ಹೊತ್ತು ಕಾದರು. "ಯಾರೂ ಹೇಳ್ತಾ ಇಲ್ಲ. ಹಾಗಂತ ಬರ್ಕೊಳ್ಳಿ." ಬರೆದುಕೊಂಡರು. ಓದಿದವನು ಬರೆದಿಲ್ಲವಾದ್ದರಿಂದ ಲೇಖನವಿಲ್ಲ, ಲೇಖನವಿಲ್ಲದ್ದರಿಂದ ಕೈ ಎತ್ತುವ ಪ್ರಶ್ನೆಯಿಲ್ಲ. ಮುಂದಿನ ಪತ್ರದ ಭಾನುವಾರಕ್ಕೆ ಏಳು ವರ್ಷ. ಅರ್ಧ ಎತ್ತಿದ್ದ ಕೈಗಳು ತಲೆ ಕೆರೆದುಕೊಂಡು ಕೆಳಗಿಳಿದವು.

ಹನ್ನಮ್ಮನ ಮಂಚ ಹೊಸ್ತಿಲು ದಾಟಿದಾಗ ಹೊರಗಿನಿಂದ ಬಂದ ಸದ್ದನ್ನು ನಾನು ಬರೆಯುವುದಿಲ್ಲ. ಅವಳ ಕಣ್ಣೀರಿಗೆ ನಾನು ಹೊಣೆ. ಆ ಪತ್ರಗಳನ್ನು ಪೌಲನ ಹೆಸರಲ್ಲಿ ಬರೆದ ಆ ಮನುಷ್ಯ, ಅವನು ಯಾರೇ ಆಗಿರಲಿ, ತನ್ನ ಮೇಲಂಗಿಯಿಂದ ಗೆದ್ದ. ನನ್ನ ಟವಲು ಒಬ್ಬ ಮುದುಕಿಗೆ ಅವಳ ಮಗನನ್ನು ಎರಡನೆಯ ಸಲ ಸಾಯಿಸಿ, ನನ್ನ ತಂಗಿಯ ಗಂಡನನ್ನು ಗೋಡೆಯ ಹೊರಗೇ ಉಳಿಸಿತು. ಮಾವ ಮೂರು ದಿನ ಗಂಟೆ ಹೊಡೆಯಲು ಹೋಗಲಿಲ್ಲ. ನಾಲ್ಕನೆಯ ದಿನ ಹೋದ. "ಹೂಂ ಅಂದುಬಿಡಬೇಕಿತ್ತು ಅಮ್ಮಿ. ನಾಲಿಗೆ ಏಳಲಿಲ್ಲ," ಎಂದ ನನ್ನ ಮುಖ ನೋಡದೆ.

ಸಮಾಧಾನಪ್ಪನವರು ಮಾತಿನಂತೆ ಭಾನುವಾರದವರೆಗೆ ಕೆಲಸ ನಿಲ್ಲಿಸಿದ್ದರು. ಮಂಗಳವಾರ ಬೆಳಿಗ್ಗೆ ಗೋಡೆಯ ಹೊರಗೆ ಮೊರಂ ಮಣ್ಣು ಹರಡಿ, ನೆಲ ಸಮ ಮಾಡುವ ಕಲ್ಲಿನ ರೋಲರನ್ನು ತಂದರು. ಎಳೆಯಲು ಬಂದ ಆರು ಜನರ ಮುಂದಾಳು ಯಾಕೋಬ, ನತಾನನ ಜೊತೆ ಅದೇ ಗುಂಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಸಲೋಮಿ ಹೋಗಿ ಮಣ್ಣಿನ ದಿಬ್ಬದ ಮುಂದೆ ನಿಂತಳು. ನಾನು ಅವಳ ಹಿಂದೆ ಓಡಿದೆ.

ಅವಳು ಶುರು ಮಾಡಿದಳು. ಅಲ್ಲಿ ಅವಳಿಗೆ ದನಿಯಿತ್ತು. ಯಾವ ಹಲಗೆ, ಸೀಳು ಎಲ್ಲಿಂದ ಎಲ್ಲಿಯವರೆಗಿತ್ತು, ನತಾನ ಯಾರಿಗೆ ಎಷ್ಟು ಸಲ ಹೇಳಿದ, ಅವತ್ತು ಬೆಳಿಗ್ಗೆ ಏನು ಕುಡಿದ, ಬುತ್ತಿಯಲ್ಲಿ ಏನಿತ್ತು, ಮುರಿದಾಗ ಎಂಥ ಸದ್ದು ಬಂತು, ಅವನು ಮೇಲೆ ನೋಡಿ ಏನು ಕೂಗಿದ, ಹೊಸ ಹಲಗೆಯನ್ನು ಯಾರು ತಂದು ಹಾಕಿದರು. ಒಂದೂ ಬಿಡದೆ, ತಡವರಿಸದೆ, ಸಭೆಯಲ್ಲಿ ಹೇಳಬೇಕೆಂದು ಕೂಡಿಸಿಟ್ಟುಕೊಂಡದ್ದನ್ನೆಲ್ಲ ಹೇಳಿದಳು. ಅಷ್ಟು ಜೋರಾಗಿ ಹೇಳಿದಳೆಂದರೆ ಹದದ ಮನೆಯ ಒಳಗಿನವರೂ ಬಾಗಿಲಿಗೆ ಬಂದು ನಿಂತರು. ಆರು ಜನರೂ ಹಗ್ಗ ಕೆಳಗಿಟ್ಟು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಕೊನೆಯ ಮಾತಿನವರೆಗೂ ಕೇಳಿದರು. ಯಾರೂ ಸುಳ್ಳು ಅನ್ನಲಿಲ್ಲ. ಒಬ್ಬ ಕಣ್ಣೊರೆಸಿಕೊಂಡ.

ಅವಳು ನಿಲ್ಲಿಸಿದಳು. ಆಮೇಲೆ ಯಾಕೋಬ ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದ:

"ಮುಗೀತೇನಕ್ಕ?"

ಸಲೋಮಿ ನನ್ನ ಮುಖ ನೋಡಿದಳು.

"ಮುಗೀತು," ಎಂದಳು.

ಅವನು ಬಟ್ಟೆಯನ್ನು ತಲೆಗೆ ಸುತ್ತಿಕೊಂಡ. "ಒಸಿ ಈ ಕಡೆ ಬನ್ನಿ ಹಂಗಾರೆ, ಕಾಲಿಗೆ ತಗುಲೀತು," ಎಂದು ಬಾಗಿ ಹಗ್ಗ ಎತ್ತಿಕೊಂಡ.